ಮುಳುಗಿದ ಜಲವಾಹನದ ಶೋಧ

ಮುಳುಗಿದ ಜಲವಾಹನದ ಶೋಧ ಎಂದರೆ ಕೆರೆ, ಜಲಾಶಯ ಅಥವಾ ನದಿಯ ಮಡುವಿನಲ್ಲಿ ಮುಳುಗಿಹೋದ ಜೆಟ್ ಸ್ಕೀ, ಯಂತ್ರದೋಣಿ, ಹರಿಗೋಲು ಮುಂತಾದ ಸಣ್ಣ ನೌಕೆಯು ತಳದಲ್ಲಿ ಎಲ್ಲಿದೆ ಎಂಬುದನ್ನು ಕಂಡುಹಿಡಿದು, ಸಾಧ್ಯವಾದಲ್ಲಿ ಅದನ್ನು ಮೇಲೆತ್ತುವ ಕಾರ್ಯ. ಈ ಕಾರ್ಯದಲ್ಲಿ ಎರಡು ಬೇರೆ ಬೇರೆ ಹಂತಗಳಿವೆ. ಮೊದಲನೆಯದು ನೆಲೆಯನ್ನು ಗುರುತಿಸುವುದು. ಎರಡನೆಯದು ಆ ನೆಲೆಯನ್ನು ತಲುಪುವುದು. ಒಂದು ಕೈಗೂಡಿದ ಮಾತ್ರಕ್ಕೆ ಇನ್ನೊಂದು ಕೈಗೂಡುವುದಿಲ್ಲ. 2024ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ಗಂಗಾವಳಿ ನದಿಗೆ ಬಿದ್ದ ಲಾರಿಯ ಶೋಧ ಎರಡು ತಿಂಗಳಿಗೂ ಮಿಕ್ಕಿ ನಡೆದದ್ದಕ್ಕೆ ಈ ವ್ಯತ್ಯಾಸವೇ ಮುಖ್ಯ ಕಾರಣ.

ಮುಳುಗಿದ ವಾಹನದ ಬೆಲೆ ಎಷ್ಟೇ ಇರಲಿ, ಇಂತಹ ಶೋಧಗಳ ಹಿಂದೆ ಬಹುತೇಕ ಒಬ್ಬ ಮನುಷ್ಯನ ಜೀವದ ಅಥವಾ ದೇಹದ ಪ್ರಶ್ನೆ ಇರುತ್ತದೆ. ಆದುದರಿಂದ ವಾಹನದ ಶೋಧವನ್ನೂ ಸವಾರನ ಶೋಧವನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ. ಇವೆರಡೂ ಒಂದೇ ಅಲ್ಲವೆಂಬುದು ಮುಂದೆ ತಿಳಿಯುತ್ತದೆ.

ಕಬಿನಿ ಕಣಿವೆಯ ಜಲಮೂಲಗಳು

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಲ್ಲಿ ನೀರಿನ ಎಲ್ಲ ಬಗೆಗಳೂ ಇವೆ. ಕೇರಳದ ವಯನಾಡಿನಲ್ಲಿ ಹುಟ್ಟುವ ಕಬಿನಿ ನದಿಗೆ ಬೀಚನಹಳ್ಳಿಯ ಬಳಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ ಅಡಿ. ಅಣೆಕಟ್ಟಿನ ಕೆಳಗೆ ನದಿಯು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸ್ನಾನಘಟ್ಟವನ್ನು ಹಾಯ್ದು, ಸುತ್ತೂರಿನ ಮೇಲೆ ಸಾಗಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿ, ಕಬಿನಿಗಳ ಜೊತೆಗೆ ಸ್ಫಟಿಕ ಸರೋವರವೂ ಇಲ್ಲಿ ಸೇರುತ್ತದೆಂಬ ನಂಬಿಕೆಯಿಂದ ಇದನ್ನು ತ್ರಿವೇಣಿ ಸಂಗಮವೆನ್ನುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತಿದೆ. ಮೈಸೂರಿನಿಂದ ಟಿ. ನರಸೀಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ವರುಣ ಕೆರೆ ಇದೆ. ಜೆಟ್ ಸ್ಕೀ ಸಹಿತ ಜಲಕ್ರೀಡೆಗಳಿಗೆ ಮೈಸೂರಿನ ಸುತ್ತಮುತ್ತ ಹೆಸರಾದ ಕೆರೆ ಇದು.

ಶೋಧದ ದೃಷ್ಟಿಯಿಂದ ಕೆರೆ, ಜಲಾಶಯ, ಹೊಳೆ ಈ ಮೂರರ ಗುಣವೂ ಬೇರೆ. ಕೆರೆಯ ನೀರು ನಿಂತ ನೀರು; ಆಳ ಕಡಿಮೆ, ಆದರೆ ತಳದಲ್ಲಿ ಹೂಳು ಮತ್ತು ಜಲಸಸ್ಯಗಳು ಹೆಚ್ಚು. ಏರಿಯ ಕಡೆಗೆ, ಅದರಲ್ಲೂ ತೂಬಿನ ಬಳಿ, ಆಳ ಹೆಚ್ಚಿದ್ದು ಹಿನ್ನೀರಿನ ಕಡೆಗೆ ಕಡಿಮೆಯಾಗುತ್ತ ಹೋಗುತ್ತದೆ. ಜಲಾಶಯದ ತಳ ಒಂದು ಕಾಲಕ್ಕೆ ಕಾಡು, ಹೊಲ, ಊರು ಆಗಿದ್ದ ನೆಲ. ಕಬಿನಿಯ ಹಿನ್ನೀರಿನಲ್ಲಿ ಒಣಗಿ ನಿಂತ ಮರಗಳ ಬೊಡ್ಡೆಗಳನ್ನು ಪ್ರವಾಸಿಗರು ಛಾಯಾಚಿತ್ರಗಳಿಂದಲೂ ಬಲ್ಲರು. ಶೋಧಕರಿಗೆ ಅವು ಬಲೆ, ಹಗ್ಗ, ಉಪಕರಣಗಳನ್ನು ಸಿಕ್ಕಿಸಿಕೊಳ್ಳುವ ಕೊಂಡಿಗಳು. ಹೊಳೆಯಲ್ಲಿ ಸೆಳೆತ, ಸುಳಿ, ಮರಳುಗುಂಡಿ ಇವೆ. ಅಲ್ಲಿ ಮುಳುಗಿದ ವಸ್ತು ಮುಳುಗಿದ ಜಾಗದಲ್ಲೇ ಇರುವುದೆಂದು ಹೇಳಲಾಗದು.

ಜೆಟ್ ಸ್ಕೀ ಮುಳುಗುವ ಬಗೆ

ಒಬ್ಬರಿಂದ ಮೂವರವರೆಗೆ ದ್ವಿಚಕ್ರವಾಹನದಂತೆ ಕಾಲುಚಾಚಿ ಕುಳಿತು ಅಥವಾ ನಿಂತು ಓಡಿಸುವ ಸಣ್ಣ ಜಲವಾಹನವನ್ನು ಜೆಟ್ ಸ್ಕೀ, ವಾಟರ್ ಸ್ಕೂಟರ್ ಎಂದು ಕರೆಯುತ್ತಾರೆ. ಜೆಟ್ ಸ್ಕೀ ಎಂಬುದು ವಾಸ್ತವದಲ್ಲಿ ಜಪಾನಿನ ಕವಾಸಾಕಿ ಕಂಪನಿಯ ವ್ಯಾಪಾರನಾಮ. 1970ರ ದಶಕದಲ್ಲಿ ಬಂದ ಆ ಹೆಸರೇ ಈಗ ಇಡೀ ಜಾತಿಗೆ ನಿಂತಿದೆ. ಇದಕ್ಕೆ ಹೊರಗೆ ತಿರುಗುವ ಚಕ್ರದ ರೆಕ್ಕೆ ಇರುವುದಿಲ್ಲ. ತಳದ ಜಾಲರಿಯ ಮೂಲಕ ನೀರನ್ನು ಒಳಗೆಳೆದು, ಹಿಂದಿನ ಕೊಳವೆಯಿಂದ ರಭಸವಾಗಿ ಹೊರಗೆಸೆಯುವುದರಿಂದ ವಾಹನ ಮುಂದಕ್ಕೆ ಹೋಗುತ್ತದೆ. ಕೊಳವೆಯ ಮೂತಿಯನ್ನು ತಿರುಗಿಸಿದರೆ ದಿಕ್ಕು ಬದಲಾಗುತ್ತದೆ. ಸವಾರನ ಮಣಿಕಟ್ಟಿಗೆ ಅಥವಾ ಜೀವರಕ್ಷಕ ಜಾಕೆಟ್ಟಿಗೆ ಕಟ್ಟಿದ ದಾರವೊಂದು ಎಂಜಿನ್ನಿನ ಕೀಲಿಗೆ ಸೇರಿರುತ್ತದೆ. ಸವಾರ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ.

ಸಾಧಾರಣವಾಗಿ 200ರಿಂದ 400 ಕಿಲೋಗ್ರಾಂ ತೂಗುವ ಈ ವಾಹನ ಸುಲಭವಾಗಿ ಮುಳುಗುವಂಥದ್ದಲ್ಲ. ಅದರ ಒಡಲಿನಲ್ಲಿ ತೇಲುವ ಫೋಮ್ ತುಂಬಿರುತ್ತಾರೆ. ಆದರೂ ನೀರು ಬಸಿಯುವ ಬಿರಡೆಯನ್ನು ಹಾಕಲು ಮರೆಯುವುದು, ಬಂಡೆ ಅಥವಾ ಮರದ ಬೊಡ್ಡೆ ತಗುಲಿ ಒಡಲು ಸೀಳುವುದು, ಮಗುಚಿದ ವಾಹನವನ್ನು ಬಹಳ ಹೊತ್ತು ಹಾಗೆಯೇ ಬಿಡುವುದು, ಒಳಗಿನ ರಬ್ಬರು ಕೊಳವೆ ಕಳಚುವುದು ಇವುಗಳಿಂದ ಒಳಗೆ ನೀರು ತುಂಬುತ್ತದೆ. ಎಂಜಿನ್ ಇರುವ ಹಿಂಭಾಗ ಮೊದಲು ತಗ್ಗುತ್ತದೆ. ಮೂತಿಯಲ್ಲಿ ಸಿಕ್ಕಿಕೊಂಡ ಗಾಳಿಯಿಂದ ಮುಂಭಾಗ ಕೆಲಕಾಲ ನೀರಿನ ಮೇಲೆ ಕಾಣುತ್ತ ನಿಲ್ಲುವುದುಂಟು. ಈ ಸ್ಥಿತಿಯಲ್ಲಿ ಅದು ಅರ್ಧ ಗಂಟೆಯೂ ತೇಲಬಹುದು. ಆ ಹೊತ್ತಿನಲ್ಲಿ ಗಾಳಿ ಅದನ್ನು ನೂಕುತ್ತಿರುತ್ತದೆ.

ಒಮ್ಮೆ ಪೂರ್ತಿ ಮುಳುಗಲು ತೊಡಗಿದ ಮೇಲೆ ತಡೆಯಿಲ್ಲ. ಸುಮಾರು 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಇಮ್ಮಡಿಯಾಗುತ್ತದೆ; ಬಾಯಿಲ್‌ನ ನಿಯಮದಂತೆ ಸಿಕ್ಕಿಕೊಂಡ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. 20 ಮೀಟರಿನಲ್ಲಿ ಅದು ಮೂರನೆಯ ಒಂದು ಪಾಲು. ಗಾಳಿ ಕುಗ್ಗಿದಷ್ಟೂ ತೇಲುವ ಶಕ್ತಿ ಕುಗ್ಗುತ್ತದೆ, ವಾಹನ ಇನ್ನೂ ವೇಗವಾಗಿ ಇಳಿಯುತ್ತದೆ. ಕೊಡವೊಂದು ಬಾವಿಯಲ್ಲಿ ಬಾಯಿ ಮೇಲಾಗಿ ಓಲಾಡುತ್ತಿದ್ದು, ಒಂದು ಗಳಿಗೆಯಲ್ಲಿ ಗುಳುಕ್ಕೆಂದು ಕಾಣದಾಗುವುದನ್ನು ಕಂಡವರಿಗೆ ಮುಳುಗುವ ಕೊನೆಯ ಗಳಿಗೆಯ ಈ ಹಠಾತ್ ಚಲನೆ ಹೊಸದೆನಿಸದು.

ಮೊದಲ ಗಂಟೆ

ಅಪಘಾತದ ಮೊದಲ ಗಂಟೆಯಲ್ಲಿ ಹುಡುಕಬೇಕಾದದ್ದು ವಾಹನವನ್ನಲ್ಲ, ಮನುಷ್ಯನನ್ನು. ಜೀವರಕ್ಷಕ ಜಾಕೆಟ್ ತೊಟ್ಟ ಸವಾರ ನೀರಿನ ಮೇಲೆ ತೇಲುತ್ತ ಗಾಳಿ ಮತ್ತು ಅಲೆಗಳ ದಿಕ್ಕಿಗೆ ಸರಿಯುತ್ತಾನೆ. ಅವನ ವಾಹನ ಬೇರೆ ಜಾಗದಲ್ಲಿ ಮುಳುಗಿರಬಹುದು. ಜಾಕೆಟ್ ಇಲ್ಲದ ಸವಾರ ಬಿದ್ದ ಜಾಗದ ಸಮೀಪದಲ್ಲೇ ಮುಳುಗುತ್ತಾನೆ. ಎಂಜಿನ್ ನಿಲ್ಲುವ ದಾರ ಕಟ್ಟಿಕೊಂಡಿರದಿದ್ದರೆ ವಾಹನ ಅವನನ್ನು ಬಿಟ್ಟು ಬಹಳ ದೂರ ಹೋಗಿರಲೂಬಹುದು. ಹೀಗಾಗಿ ವಾಹನ ಸಿಕ್ಕ ಜಾಗವನ್ನೇ ಸವಾರನ ಜಾಗವೆಂದು ತಿಳಿದು ಅದರ ಸುತ್ತಲೇ ದಿನಗಟ್ಟಲೆ ಹುಡುಕುವುದು ವ್ಯರ್ಥ.

ತುರ್ತು ಸಂಖ್ಯೆ 112ಕ್ಕೆ ಅಥವಾ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ 101ಕ್ಕೆ ಕರೆ ಮಾಡುವುದು, ದಡದಲ್ಲಿ ಒಬ್ಬರನ್ನಾದರೂ ನೋಡುತ್ತಲೇ ನಿಲ್ಲುವಂತೆ ಬಿಡುವುದು, ಈಜು ಬಾರದವರು ನೀರಿಗೆ ಇಳಿಯದಂತೆ ತಡೆಯುವುದು ಇವು ಆಗ ಆಗಬೇಕಾದ ಕೆಲಸಗಳು. ಒಬ್ಬನನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು ಮೂವರು ಮುಳುಗಿದ ಪ್ರಕರಣಗಳು ಕಾವೇರಿ, ಕಬಿನಿಗಳ ದಡದ ಊರುಗಳಿಗೆ ಹೊಸವಲ್ಲ. ಹಗ್ಗ, ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ಸೀರೆ, ಏನು ಸಿಕ್ಕರೆ ಅದನ್ನು ದಡದಿಂದ ಎಸೆಯುವುದು ಹಾರುವುದಕ್ಕಿಂತ ಮೇಲು.

ಕೊನೆಯ ಬಾರಿ ಕಂಡ ಸ್ಥಳ

ಶೋಧದ ಯಶಸ್ಸು ಉಪಕರಣದ ಬೆಲೆಗಿಂತಲೂ ಕೊನೆಯ ಬಾರಿ ಕಂಡ ಸ್ಥಳವನ್ನು ಎಷ್ಟು ಖಚಿತವಾಗಿ ಗುರುತಿಸಲಾಗಿದೆ ಎಂಬುದನ್ನು ಅವಲಂಬಿಸಿದೆ. ಇದು ಕೇವಲ ಲೆಕ್ಕದ ಮಾತು. ವಾಹನವು ಒಂದು ಬಿಂದುವಿನಿಂದ 1 ಕಿಲೋಮೀಟರ್ ಒಳಗೆ ಎಲ್ಲೋ ಇದೆ ಎಂದಷ್ಟೇ ಗೊತ್ತಿದ್ದರೆ ಹುಡುಕಬೇಕಾದ ಕ್ಷೇತ್ರ 3.14 ಚದರ ಕಿಲೋಮೀಟರ್. 250 ಮೀಟರ್ ಒಳಗೆ ಇದೆ ಎಂದು ಗೊತ್ತಾದರೆ ಅದು 0.2 ಚದರ ಕಿಲೋಮೀಟರಿಗಿಂತ ಕಡಿಮೆ. ದೂರ ನಾಲ್ಕನೆಯ ಒಂದಕ್ಕೆ ಇಳಿದರೆ ಕೆಲಸ ಹದಿನಾರನೆಯ ಒಂದಕ್ಕೆ ಇಳಿಯುತ್ತದೆ.

ವಿಶಾಲ ನೀರಿನ ಮೇಲೆ ಕಣ್ಣಳತೆಯ ದೂರ ಬಹಳ ಮೋಸ ಮಾಡುತ್ತದೆ. ದಿಕ್ಕು ಅಷ್ಟು ಮೋಸ ಮಾಡದು. ಆದ್ದರಿಂದ ಸಾಕ್ಷಿಯನ್ನು "ಎಷ್ಟು ದೂರದಲ್ಲಿ?" ಎಂದು ಕೇಳುವ ಬದಲು, ಅವರು ನಿಂತಿದ್ದ ಜಾಗಕ್ಕೇ ಕರೆದೊಯ್ದು "ಯಾವುದರ ನೇರಕ್ಕೆ?" ಎಂದು ಕೇಳಬೇಕು. ಎದುರು ದಡದ ಮರ, ವಿದ್ಯುತ್ ಕಂಬ, ನೀರಿನ ಟ್ಯಾಂಕು, ಗುಡಿಯ ಗೋಪುರ ಇವುಗಳ ಪೈಕಿ ಯಾವುದರ ನೇರಕ್ಕೆ ವಾಹನ ಕಾಣುತ್ತಿತ್ತು ಎಂಬುದು ನೆನಪಿನಲ್ಲಿ ಉಳಿದಿರುತ್ತದೆ. ದಡದ ಬೇರೆ ಬೇರೆ ಕಡೆ ನಿಂತಿದ್ದ ಇಬ್ಬರಿಂದ ಹೀಗೆ ಎರಡು ನೇರಗೆರೆಗಳು ಸಿಕ್ಕರೆ ಅವು ಕೂಡುವಲ್ಲಿ ಸ್ಥಳವಿದೆ. ಒಳನಾಡಿನ ಮೀನುಗಾರರು ನೀರಿನಲ್ಲಿ ಬಿಟ್ಟ ಬಲೆಯನ್ನು ಮರುದಿನ ಕಂಡುಹಿಡಿಯುವುದೂ ಇದೇ ಉಪಾಯದಿಂದ. ದಿಕ್ಕನ್ನು ಹೇಳುವಾಗ 5 ಡಿಗ್ರಿ ತಪ್ಪಾದರೆ 500 ಮೀಟರ್ ದೂರದಲ್ಲಿ ಸುಮಾರು 44 ಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಇದು ಸಹಿಸಬಹುದಾದ ತಪ್ಪು. ಇಂದು ದಡದವರ ಮೊಬೈಲಿನಲ್ಲಿ ತೆಗೆದ ಚಿತ್ರ, ವಿಡಿಯೊಗಳೂ ಇದೇ ಕೆಲಸಕ್ಕೆ ಬರುತ್ತವೆ. ಚಿತ್ರದ ಹಿನ್ನೆಲೆಯಲ್ಲಿರುವ ಎರಡು ಸ್ಥಿರ ವಸ್ತುಗಳು ಒಂದರ ಹಿಂದೊಂದು ಎಲ್ಲಿ ಬೀಳುತ್ತವೆ ಎಂದು ನೋಡಿ ನೇರಗೆರೆ ಎಳೆಯಬಹುದು.

ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿ ವಿಚಾರಿಸುವುದು ಒಳ್ಳೆಯದಲ್ಲ. ಗಟ್ಟಿ ದನಿಯವರ ಮಾತು ಎಲ್ಲರ ಮಾತಾಗಿಬಿಡುತ್ತದೆ. ಒಬ್ಬೊಬ್ಬರನ್ನೇ, ಅದೇ ದಿನ ಕೇಳಿ ಬರೆದಿಟ್ಟುಕೊಳ್ಳಬೇಕು. ಎರಡು ದಿನ ಕಳೆದರೆ ಕಂಡದ್ದರ ಜೊತೆಗೆ ಕೇಳಿದ್ದೂ ಬೆರೆತುಹೋಗುತ್ತದೆ.

ನೇರಗೆರೆಯಿಂದ ಸಿಕ್ಕ ಬಿಂದುವಿಗೆ ಗಾಳಿಯ ನೂಕನ್ನೂ ಸೇರಿಸಬೇಕು. ಅರ್ಧ ಮುಳುಗಿದ ವಾಹನ ಗಾಳಿಯ ವೇಗದ ಶೇಕಡ 3ರಷ್ಟು ವೇಗದಲ್ಲಿ ಸರಿಯುತ್ತದೆ ಎಂದು ಎಣಿಸಿದರೆ, ಗಂಟೆಗೆ 20 ಕಿಲೋಮೀಟರ್ ಗಾಳಿಯಲ್ಲಿ ಅರ್ಧ ಗಂಟೆಗೆ 300 ಮೀಟರ್ ಸರಿದಿರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮೈಸೂರು ಸೀಮೆಯಲ್ಲಿ ಗಾಳಿ ಪ್ರಧಾನವಾಗಿ ಪಡುವಣ, ನೈಋತ್ಯಗಳಿಂದ ಬೀಸುವುದರಿಂದ ಆಗ ಹುಡುಕಾಟ ಮೂಡಣ, ಈಶಾನ್ಯಗಳ ಕಡೆಗೆ ಚಾಚಬೇಕಾಗುತ್ತದೆ. ನೀರಿನ ಮೇಲೆ ಪೆಟ್ರೋಲು, ಎಣ್ಣೆಯ ಬಣ್ಣದ ಪೊರೆ ಒಂದೇ ಕಡೆಯಿಂದ ಮೇಲೇಳುತ್ತಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯ ಗುರುತು. ಪೊರೆಯ ಗಾಳಿಗೆದುರಾದ ತುದಿಯ ಕೆಳಗೆ ವಾಹನ ಇರುತ್ತದೆ. ಬೆಳಗಿನ ಹೊತ್ತು ಗಾಳಿ ನಿಂತಿರುವಾಗ ಇದು ಸ್ಪಷ್ಟವಾಗಿ ಕಾಣುತ್ತದೆ.

ಹಳೆಯ ನಕ್ಷೆಗಳ ಉಪಯೋಗ

ಜಲಾಶಯಗಳಿಗೆ ಮಾತ್ರ ಅನ್ವಯಿಸುವ, ಅಷ್ಟಾಗಿ ಬಳಕೆಗೆ ಬಾರದ ಒಂದು ಸಹಾಯವಿದೆ. ಅಣೆಕಟ್ಟು ಕಟ್ಟುವ ಮೊದಲು ಭಾರತೀಯ ಸರ್ವೇಕ್ಷಣ ಇಲಾಖೆ ತಯಾರಿಸಿದ ನಕ್ಷೆಗಳಲ್ಲಿ ಈಗ ಮುಳುಗಿರುವ ನೆಲದ ಎತ್ತರದ ರೇಖೆಗಳು, ಹಳ್ಳಗಳು, ಊರುಗಳು, ದಾರಿಗಳು ಇವೆ. ಜಲಾಶಯದ ಆ ದಿನದ ಮಟ್ಟದಿಂದ ನಕ್ಷೆಯ ಎತ್ತರವನ್ನು ಕಳೆದರೆ ಆ ಸ್ಥಳದ ಆಳ ಸಿಗುತ್ತದೆ. ಉದಾಹರಣೆಗೆ ಕಬಿನಿಯ ಮಟ್ಟ 2,270 ಅಡಿ ಇದ್ದು, ಹಳೆಯ ನಕ್ಷೆಯಲ್ಲಿ ಆ ಜಾಗದ ಎತ್ತರ 2,240 ಅಡಿ ಇದ್ದರೆ ಆಳ 30 ಅಡಿ. ಇದರಲ್ಲಿ ಅರ್ಧ ಶತಮಾನದ ಹೂಳನ್ನು ಕಳೆಯಬೇಕು. ನದಿಯ ಹಳೆಯ ಪಾತ್ರ ಎಲ್ಲಿ ಹಾದುಹೋಗಿತ್ತು ಎಂಬುದೂ ಇದರಿಂದ ತಿಳಿಯುತ್ತದೆ. ಅಕ್ಕಪಕ್ಕಕ್ಕಿಂತ ಅಲ್ಲಿ ಆಳ ಹಠಾತ್ತನೆ ಹೆಚ್ಚುತ್ತದೆ.

ಮಟ್ಟದ ಏರಿಳಿತವೇ ಇನ್ನೊಂದು ಸಹಾಯ. ವಯನಾಡಿನಲ್ಲಿ ಮುಂಗಾರು ಹಿಡಿದರೆ ಕಬಿನಿ ಬೇಗ ತುಂಬುತ್ತದೆ, ಬೇಸಿಗೆಯಲ್ಲಿ ಬಹಳ ಇಳಿಯುತ್ತದೆ. ಆಷಾಢದಲ್ಲಿ ಹತ್ತು ಮೀಟರ್ ನೀರಿನಡಿ ಇದ್ದ ನೆಲ ಚೈತ್ರ, ವೈಶಾಖಗಳಲ್ಲಿ ಬಯಲಾಗಿ, ದನ ಮೇಯುವ ಹುಲ್ಲುಗಾವಲಾಗುವುದುಂಟು. ಜೀವದ ಪ್ರಶ್ನೆ ಇಲ್ಲದ, ಬರಿಯ ವಾಹನದ ಶೋಧವಾದರೆ ಬೇಸಿಗೆಯವರೆಗೆ ಕಾಯುವುದು ಅಗ್ಗದ ದಾರಿ.

ಪಾತಾಳಗರಡಿಯಿಂದ ಸೋನಾರ್‌ವರೆಗೆ

ತಳದಲ್ಲಿ ಹುಡುಕುವ ಸಾಧನಗಳಲ್ಲಿ ಅತಿ ಹಳೆಯದು ಪಾತಾಳಗರಡಿ. ಹಗ್ಗಕ್ಕೆ ಕಟ್ಟಿದ, ಹಲವು ಕೊಕ್ಕೆಗಳುಳ್ಳ ಈ ಕಬ್ಬಿಣದ ಸಲಕರಣೆ ಬಾವಿಗೆ ಬಿದ್ದ ಕೊಡ, ಬಿಂದಿಗೆಗಳನ್ನು ತೆಗೆಯಲು ಹಳ್ಳಿಗಳಲ್ಲಿ ಬಳಕೆಯಲ್ಲಿತ್ತು. ಊರಿಗೊಂದೋ ಎರಡೋ ಇದ್ದು, ಬೇಕಾದವರು ಕೇಳಿ ಪಡೆದು ಹಿಂದಿರುಗಿಸುತ್ತಿದ್ದರು. ಕೊಳವೆಬಾವಿ ಮತ್ತು ನಲ್ಲಿಗಳು ಬಂದ ಮೇಲೆ ವಸ್ತು ಮರೆಯಾಗಿ ಮಾತು ಮಾತ್ರ ಉಳಿದಿದೆ. ದೋಣಿಯ ಹಿಂದೆ ಕೊಕ್ಕೆಗಳ ಸಾಲನ್ನು ಎಳೆಯುತ್ತ ಹೋಗುವ ಇಂದಿನ ಪದ್ಧತಿ ಇದರ ದೊಡ್ಡ ರೂಪವೇ.

ಪದ್ಧತಿಯ ಮಿತಿಯನ್ನು ಒಂದು ಲೆಕ್ಕದಿಂದ ಕಾಣಬಹುದು. 500 ಮೀಟರ್ ಉದ್ದ, 500 ಮೀಟರ್ ಅಗಲದ ಕ್ಷೇತ್ರವನ್ನು 2 ಮೀಟರ್ ಅಗಲದ ಕೊಕ್ಕೆಸಾಲಿನಿಂದ ಪೂರ್ತಿ ಬಾಚಬೇಕಾದರೆ 250 ಸಾಲುಗಳು, ಒಟ್ಟು 125 ಕಿಲೋಮೀಟರ್ ಪಯಣ. ಅದೇ ಕ್ಷೇತ್ರವನ್ನು ಎರಡೂ ಬದಿಗೆ 30 ಮೀಟರ್ ನೋಡಬಲ್ಲ ಪಾರ್ಶ್ವ ಸೋನಾರಿನಿಂದ, ಒಂದು ಸಾಲು ಇನ್ನೊಂದರ ಮೇಲೆ ಸ್ವಲ್ಪ ಹಾಯುವಂತೆ 40 ಮೀಟರಿಗೊಂದು ಸಾಲು ಹಾಕಿ ನೋಡಿದರೆ 13 ಸಾಲುಗಳು, 6.5 ಕಿಲೋಮೀಟರ್ ಸಾಕು. ಒಂದು ಮುಂಜಾವಿನ ಕೆಲಸ.

ಪಾರ್ಶ್ವ ಸೋನಾರ್ ಶಬ್ದದ ಮಿಡಿತಗಳನ್ನು ಎರಡೂ ಬದಿಗೆ ಬೀಸಣಿಗೆಯಂತೆ ಹರಡಿ, ತಳದಿಂದ ಮರಳಿ ಬರುವ ಪ್ರತಿಧ್ವನಿಯನ್ನು ಚಿತ್ರವಾಗಿ ಮಾಡುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480ರಿಂದ 1,500 ಮೀಟರ್. ಗಟ್ಟಿ ವಸ್ತು ಉಜ್ವಲವಾಗಿಯೂ, ಅದರ ಹಿಂದೆ ಶಬ್ದ ತಲುಪದ ಜಾಗ ಕಪ್ಪು ನೆರಳಾಗಿಯೂ ಕಾಣುತ್ತದೆ. ನುರಿತವರು ವಸ್ತುವಿಗಿಂತ ನೆರಳನ್ನೇ ಹೆಚ್ಚು ನೋಡುತ್ತಾರೆ. ನೆರಳಿನಿಂದ ಎತ್ತರವನ್ನೂ ತಿಳಿಯಬಹುದು: ಸೋನಾರ್ ತಳದಿಂದ 5 ಮೀಟರ್ ಮೇಲಿದ್ದು, ನೆರಳು 5 ಮೀಟರ್ ಉದ್ದವಿದ್ದು, ನೆರಳಿನ ತುದಿ 25 ಮೀಟರ್ ದೂರದಲ್ಲಿದ್ದರೆ ವಸ್ತುವಿನ ಎತ್ತರ 1 ಮೀಟರ್. ಮೂರು ಮೀಟರ್ ಉದ್ದ, ಒಂದು ಮೀಟರ್ ಎತ್ತರದ ವಸ್ತುವೊಂದು ಬರಿಯ ಕೆಸರಿನ ತಳದಲ್ಲಿ ಕಂಡರೆ ಅದು ಜೆಟ್ ಸ್ಕೀ ಇರಬಹುದು. ಮರದ ಬೊಡ್ಡೆಗಳ ನಡುವೆ ಕಂಡರೆ ಇನ್ನೊಂದು ಬೊಡ್ಡೆಯೂ ಇರಬಹುದು. ಇಂತಹ ಕಡೆ ಪ್ರತಿಯೊಂದು ಅನುಮಾನಾಸ್ಪದ ಗುರುತನ್ನೂ ಬೇರೆ ದಿಕ್ಕಿನಿಂದ ಮತ್ತೊಮ್ಮೆ ಹಾದು ನೋಡಬೇಕು. ಮೀನು ಹುಡುಕಲು ಮಾರುವ ಅಗ್ಗದ ಸೋನಾರುಗಳಲ್ಲಿಯೂ ಈಗ ಪಾರ್ಶ್ವ ನೋಟದ ಸೌಲಭ್ಯವಿದೆ.

ಕಾಂತಮಾಪಕವು ಕಬ್ಬಿಣ, ಉಕ್ಕುಗಳಿಂದಾಗುವ ಭೂಕಾಂತತೆಯ ವ್ಯತ್ಯಾಸವನ್ನು ಗ್ರಹಿಸುತ್ತದೆ. ಲಾರಿ, ಬಸ್ಸುಗಳಿಗೆ ಇದು ಒಪ್ಪುವ ಸಾಧನ. ಜೆಟ್ ಸ್ಕೀಯ ಒಡಲು ನಾರುಗಾಜು, ಎಂಜಿನ್ನಿನ ಬಹುಭಾಗ ಅಲ್ಯೂಮಿನಿಯಂ ಆಗಿರುವುದರಿಂದ ಅದರ ಸುಳಿವು ಕೆಲವೇ ಮೀಟರುಗಳಾಚೆ ಸಿಗದು. ನೀರೊಳಗಿನ ಕ್ಯಾಮೆರಾ ಕೊನೆಯ ಖಾತರಿಗೆ ಒಳ್ಳೆಯದು. ಮಳೆಗಾಲದ ಕೆಂಪು ನೀರಿನಲ್ಲಿ ಅದಕ್ಕೆ ಕಣ್ಣಿಲ್ಲ.

ಮುಳುಗುಗಾರರು

ಎಲ್ಲ ಸಾಧನಗಳ ನಂತರವೂ ಕೊನೆಗೆ ನೀರಿಗಿಳಿದು ಕೈಯಿಂದ ಮುಟ್ಟಿ ನೋಡುವವನು ಮನುಷ್ಯ. ಹೂಳು ಕದಡಿದ ನೀರಿನಲ್ಲಿ ತನ್ನ ಕೈಯೇ ತನಗೆ ಕಾಣದಿರುವುದರಿಂದ ಮುಳುಗುಗಾರರು ಸ್ಪರ್ಶದಿಂದಲೇ ಕೆಲಸ ಮಾಡುತ್ತಾರೆ. ತೂಕದ ಕಲ್ಲಿಗೆ ಕಟ್ಟಿದ ಹಗ್ಗವನ್ನು ಹಿಡಿದು ವರ್ತುಲವಾಗಿ ಸುತ್ತುತ್ತ, ಪ್ರತಿ ಸುತ್ತಿಗೂ ಹಗ್ಗವನ್ನು ಒಂದು ಮಾರು ಸಡಿಲಿಸುವುದು ಸರಳ ಕ್ರಮ. ಸೋನಾರ್ ತೋರಿಸಿದ ಬಿಂದುವಿನಲ್ಲಿ ತೇಲುಬುರುಡೆ ಕಟ್ಟಿದ ಕಲ್ಲನ್ನು ಇಳಿಸಿ ಅಲ್ಲಿಂದ ಈ ಸುತ್ತು ಆರಂಭಿಸುತ್ತಾರೆ.

ಮೈಸೂರು ಸೀಮೆಯಲ್ಲಿ ಅಗ್ನಿಶಾಮಕ ಸಿಬ್ಬಂದಿ ಬರುವ ಮೊದಲೇ ನೀರಿಗಿಳಿಯುವವರು ಸಾಮಾನ್ಯವಾಗಿ ಸ್ಥಳೀಯ ಮೀನುಗಾರರು ಮತ್ತು ನುರಿತ ಈಜುಗಾರರು. ಹರಿಗೋಲು (ಈ ಭಾಗದ ಮಾತಿನಲ್ಲಿ ತೆಪ್ಪ) ಅವರ ವಾಹನ. ತಳ ಚಪ್ಪಟೆಯಾಗಿ, ನಿಂತ ಜಾಗದಲ್ಲೇ ತಿರುಗಬಲ್ಲ ಹರಿಗೋಲು ಬೊಡ್ಡೆ, ಬಂಡೆಗಳ ನಡುವೆ ಯಂತ್ರದೋಣಿಗಿಂತ ಅನುಕೂಲ. ಯಾವ ಮಡುವಿನಲ್ಲಿ ಎಷ್ಟು ಆಳ, ಎಲ್ಲಿ ಸುಳಿ ಎಂಬುದು ಅವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿದಿಲ್ಲ. ಆದರೆ ಉಸಿರು ಕಟ್ಟಿ ಮುಳುಗುವವರಿಗೆ ಐದಾರು ಮೀಟರಿನ ಆಚೆಗೆ ಹೆಚ್ಚು ಹೊತ್ತು ನಿಲ್ಲಲಾಗದು. ತಳದ ಬಲೆಯ ಚೂರು, ಮುಳ್ಳುಕಂಟಿಗಳಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಸೊಂಟಕ್ಕೆ ಹಗ್ಗ, ದಡದಲ್ಲಿ ಅದನ್ನು ಹಿಡಿದ ಒಬ್ಬ ಜೊತೆಗಾರ ಇಲ್ಲದೆ ಯಾರನ್ನೂ ಇಳಿಸಬಾರದು.

ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಶೋಧ ನಡೆಯುವಾಗ ಹೊರಹರಿವನ್ನು ಕೆಲಕಾಲ ತಗ್ಗಿಸುವಂತೆ ಅಣೆಕಟ್ಟಿನ ಅಧಿಕಾರಿಗಳನ್ನು ಕೋರುವುದುಂಟು. ಜಲಾಶಯ ತುಂಬಿ ತುಳುಕುವಾಗ ಇದು ಆಗದ ಮಾತು. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿಯ ಹೊರಹರಿವಿನಿಂದ ನಂಜನಗೂಡಿನ ಸ್ನಾನಘಟ್ಟ ಮುಳುಗಿ, ಮೈಸೂರು ರಸ್ತೆಯ ಮೇಲೂ ನೀರು ಹರಿದಿತ್ತು. ಅಂತಹ ಹೊತ್ತಿನಲ್ಲಿ ನೀರಿಗಿಳಿಯುವುದು ಯಾವ ಮುಳುಗುಗಾರನಿಂದಲೂ ಆಗದು.

ತಿಪ್ಪಗೊಂಡನಹಳ್ಳಿ, 2016

ನಿಂತ ನೀರಿನಲ್ಲಿಯೂ, ಸ್ಥಳ ಗೊತ್ತಿದ್ದೂ, ಶೋಧ ಎಷ್ಟು ಕಷ್ಟವಾಗಬಹುದೆಂಬುದಕ್ಕೆ ಬೆಂಗಳೂರಿನ ಸಮೀಪದ ತಿಪ್ಪಗೊಂಡನಹಳ್ಳಿ ಜಲಾಶಯದ ದುರಂತ ನಿದರ್ಶನ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಲನಚಿತ್ರದ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿದರು. ಅವರು ಬಿದ್ದದ್ದೂ ಮುಳುಗಿದ್ದೂ ಕ್ಯಾಮೆರಾಗಳ ಎದುರಿಗೇ. ಆದರೂ ದೇಹಗಳು ದೊರೆತದ್ದು ದಿನಗಳು ಕಳೆದ ಮೇಲೆ. ಕೊನೆಯ ಬಾರಿ ಕಂಡ ಸ್ಥಳ ತಿಳಿದಿದ್ದರೆ ಶೋಧ ಸುಲಭವಾಗುತ್ತದೆ ಎಂಬ ಮಾತಿಗೆ ಹೂಳು ತುಂಬಿದ ಹಳೆಯ ಜಲಾಶಯಗಳು ಹೀಗೆ ಮಿತಿ ಹಾಕುತ್ತವೆ.

ಶಿರೂರು, 2024

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿಯ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಪಕ್ಕದ ಗಂಗಾವಳಿ ನದಿಗೆ ಕೊಚ್ಚಿಹೋದವು. ಹಲವರು ಸತ್ತರು. ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೋಗುತ್ತಿದ್ದ ಲಾರಿಯೊಂದೂ ಅದರ ಚಾಲಕನೂ ಕಾಣೆಯಾದರು.

ಮೊದಲ ದಿನಗಳಲ್ಲಿ ಲಾರಿ ರಸ್ತೆಯ ಮೇಲಿನ ಮಣ್ಣಿನಡಿಯಲ್ಲಿದೆ ಎಂಬ ಭಾವನೆಯಿಂದ ಅಲ್ಲಿ ಅಗೆತ ನಡೆಯಿತು. ಚಾಲಕ ಗಾಳಿಯಾಡುವ ಕ್ಯಾಬಿನ್ನಿನಲ್ಲಿ ಬದುಕಿರಬಹುದೆಂಬ ಆಸೆ ಮನೆಯವರಲ್ಲಿತ್ತು. ಕೇರಳ, ಕರ್ನಾಟಕಗಳೆರಡರಲ್ಲಿಯೂ ಜನ ದಿನವೂ ಸುದ್ದಿಗಾಗಿ ಕಾಯುತ್ತಿದ್ದರು. ಮಣ್ಣಿನಲ್ಲಿ ಏನೂ ಸಿಗದಾಗ ಹುಡುಕಾಟ ನದಿಯ ಕಡೆ ತಿರುಗಿತು. ನೌಕಾದಳದ ಸೋನಾರ್ ಮತ್ತು ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಡ್ರೋನಿನಿಂದ ಬಳಸಿದ ಸಾಧನಗಳು ನದಿಯೊಳಗೆ ಲೋಹದ ಸುಳಿವುಗಳನ್ನು ಗುರುತಿಸಿದವು. ಹೀಗೆ ಕೆಲವೇ ದಿನಗಳಲ್ಲಿ ಶೋಧದ ಕ್ಷೇತ್ರ ಬಹಳ ಕಿರಿದಾಯಿತು.

ಆದರೆ ತಲುಪಲು ಆಗಲಿಲ್ಲ. ಮಳೆಗಾಲದ ಗಂಗಾವಳಿಯ ಸೆಳೆತ ಮುಳುಗುಗಾರರು ನಿಭಾಯಿಸಬಲ್ಲ ಮಿತಿಯನ್ನು ಬಹಳವಾಗಿ ಮೀರಿತ್ತು. ಕುಸಿದ ಗುಡ್ಡದ ಮಣ್ಣು, ಬಂಡೆ, ಬೇರುಸಹಿತ ಮರಗಳು ನದಿಯಲ್ಲೇ ದಿಬ್ಬವಾಗಿದ್ದವು. ಉಡುಪಿ ಜಿಲ್ಲೆಯ ಮಲ್ಪೆಯ ಮುಳುಗುತಜ್ಞ ಈಶ್ವರ್ ಮಲ್ಪೆ ಅವರೂ ಹಲವು ಬಾರಿ ಇಳಿದು ಪ್ರಯತ್ನಿಸಿದರು. ಜುಲೈ ಕೊನೆಗೆ ಕಾರ್ಯಾಚರಣೆ ನಿಂತಿತು. ಆಗಸ್ಟಿನಲ್ಲಿ ಮತ್ತೆ ಆರಂಭವಾದಾಗ ಲಾರಿಯ ಹಗ್ಗ, ಜಾಕ್ ಮುಂತಾದ ಬಿಡಿ ವಸ್ತುಗಳು ಸಿಕ್ಕವು. ಹೂಳೆತ್ತುವ ಯಂತ್ರ ಬೇಕೇಬೇಕೆಂದಾಯಿತು. ಅದು ಗೋವಾದಿಂದ ಜಲಮಾರ್ಗವಾಗಿ ಬಂದದ್ದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರ್ 25ರಂದು ಲಾರಿಯ ಕ್ಯಾಬಿನ್ ಮೇಲೆ ಬಂತು. ಚಾಲಕನ ದೇಹ ಅದರೊಳಗೇ ಇತ್ತು. ಡಿಎನ್‌ಎ ಪರೀಕ್ಷೆಯ ನಂತರ ದೇಹವನ್ನು ಮನೆಯವರಿಗೆ ಒಪ್ಪಿಸಲಾಯಿತು. ಗುಡ್ಡ ಕುಸಿದ ದಿನದಿಂದ ಎಣಿಸಿದರೆ ಅದು 72ನೆಯ ದಿನ.

ಈ 72 ದಿನಗಳಲ್ಲಿ ಹುಡುಕಿದ ದಿನಗಳಿಗಿಂತ ಮಳೆ ಇಳಿಯಲಿ, ಯಂತ್ರ ಬರಲಿ ಎಂದು ಕಾದ ದಿನಗಳೇ ಹೆಚ್ಚು. ಲಾರಿಯನ್ನು ಬಿಟ್ಟುಬಿಡಬಹುದೆಂಬ ಮಾತು ಬಂದಾಗ ಮನೆಯವರು ಒಪ್ಪದಿದ್ದುದಕ್ಕೆ ಕಾರಣ ವಾಹನದ ಬೆಲೆಯಲ್ಲ. ದೇಹ ಸಿಗದೆ ಸಾವನ್ನು ನಂಬುವುದು ಮನಸ್ಸಿಗೆ ಕಷ್ಟ. ಅಂತ್ಯಕ್ರಿಯೆ, ವಿಮೆ, ಪರಿಹಾರ ಎಲ್ಲವೂ ಅಲ್ಲಿಗೇ ನಿಂತುಬಿಡುತ್ತವೆ.

ಮೇಲೆತ್ತುವಿಕೆ

ಗಾತ್ರದಲ್ಲಿ ಸಣ್ಣದಾದ ಜೆಟ್ ಸ್ಕೀಯನ್ನು ಎತ್ತುವುದು ಲಾರಿಯಷ್ಟು ಕಷ್ಟವಲ್ಲ. ಮುಳುಗುಗಾರರು ಅದರ ಮುಂದಿನ ಮತ್ತು ಹಿಂದಿನ ಕೊಂಡಿಗಳಿಗೆ ಹಗ್ಗ ಕಟ್ಟಿ, ಗಾಳಿ ತುಂಬುವ ಚೀಲಗಳನ್ನು ಜೋಡಿಸುತ್ತಾರೆ. ಚೀಲ ಮೇಲೇರಿದಂತೆ ಒಳಗಿನ ಗಾಳಿ ಹಿಗ್ಗುವುದರಿಂದ ವೇಗ ಹೆಚ್ಚುತ್ತದೆ. ಹೆಚ್ಚಾದ ಗಾಳಿ ಹೊರಹೋಗುವ ಕವಾಟ ಇಲ್ಲದಿದ್ದರೆ ಅಪಾಯ. ಹೂಳು ಕಚ್ಚಿ ಹಿಡಿದಿದ್ದರೆ ನೇರವಾಗಿ ಎಳೆಯದೆ, ಒಂದು ತುದಿಯನ್ನು ಮೊದಲು ಎಬ್ಬಿಸಿ ಕೆಸರಿನ ಹಿಡಿತ ಬಿಡಿಸಬೇಕು. ಮೇಲೆ ಬಂದ ಮೇಲೆ ಒಳಗಿನ ನೀರು ಬಸಿಯುವವರೆಗೆ ನಿಧಾನವಾಗಿ ದಡಕ್ಕೆ ತರುತ್ತಾರೆ. ಸಿಹಿನೀರಿನಲ್ಲಿ ಒಂದೆರಡು ದಿನವಷ್ಟೇ ಇದ್ದ ಎಂಜಿನ್ನನ್ನು ಕೂಡಲೇ ಬಿಚ್ಚಿ ಒಣಗಿಸಿ ಎಣ್ಣೆ ಬದಲಿಸಿದರೆ ಉಳಿಸಿಕೊಳ್ಳಬಹುದು. ಮೇಲೆ ತಂದು ಗಾಳಿಗೆ ಬಿಟ್ಟ ಮೇಲೆ ತುಕ್ಕು ನೀರೊಳಗಿದ್ದಾಗಿಗಿಂತ ಬೇಗ ಹಿಡಿಯುತ್ತದೆ.

ಸಾಂಪ್ರದಾಯಿಕ ಕ್ರಮ ಯಂತ್ರಗಳನ್ನು ಮೀರಿಸಿದ ಉದಾಹರಣೆಯೂ ಇದೆ. 2019ರ ಸೆಪ್ಟೆಂಬರ್ 15ರಂದು ಆಂಧ್ರಪ್ರದೇಶದ ದೇವಿಪಟ್ಣಂ ಬಳಿ ಗೋದಾವರಿಯ ಪ್ರವಾಹದಲ್ಲಿ ಪ್ರವಾಸಿ ದೋಣಿಯೊಂದು ಮುಳುಗಿ ಹತ್ತಾರು ಜನ ಸತ್ತರು. ಸೋನಾರಿನಿಂದ ನೆಲೆ ತಿಳಿದರೂ ಆಳ ಮತ್ತು ಸುಳಿಗಳಿಂದಾಗಿ ಎತ್ತಲಾಗಿರಲಿಲ್ಲ. ಕಾಕಿನಾಡದ ತಂಡವೊಂದು ಉಕ್ಕಿನ ಹಗ್ಗ ಮತ್ತು ಲಂಗರುಗಳನ್ನು ತಳದಲ್ಲಿ ಹಾಸಿ, ದೋಣಿಗೆ ತೊಡರಿಸಿ, ದಡದಿಂದ ಎಳೆದು ಅಕ್ಟೋಬರ್ 22ರಂದು ಅದನ್ನು ಹೊರತಂದಿತು. ಇದು ಪಾತಾಳಗರಡಿಯ ತತ್ತ್ವವೇ.

ಮಾಲಿನ್ಯ ಮತ್ತು ಕಾನೂನು

ಮುಳುಗಿದ ವಾಹನದಲ್ಲಿ ಪೆಟ್ರೋಲು, ಎಂಜಿನ್ ಎಣ್ಣೆ ಮತ್ತು ಬ್ಯಾಟರಿ ಇರುತ್ತವೆ. ನಂಜನಗೂಡು ತಾಲ್ಲೂಕಿನ ಬಿದರಗೂಡಿನ ಬಳಿ ಕಬಿನಿಯಿಂದ ಮೈಸೂರಿಗೆ ಕುಡಿಯುವ ನೀರು ಎತ್ತಲಾಗುತ್ತದೆ. ನದಿಯುದ್ದಕ್ಕೂ ಅನೇಕ ಊರುಗಳು ಇದೇ ನೀರನ್ನು ನಂಬಿವೆ. ಒಂದು ಟ್ಯಾಂಕಿನ ಪೆಟ್ರೋಲು ದೊಡ್ಡ ಜಲಾಶಯಕ್ಕೆ ಅಲ್ಪವೆನಿಸಿದರೂ, ಸಣ್ಣ ಕೆರೆಯಲ್ಲಿ ಅಥವಾ ನೀರೆತ್ತುವ ಜಾಗದ ಸಮೀಪದಲ್ಲಿ ಅದು ಅಲ್ಪವಲ್ಲ. ವಾಹನ ಮುಳುಗಿದ ಸಂಗತಿಯನ್ನು ಮುಚ್ಚಿಡದೆ ಕೆರೆ ಅಥವಾ ಅಣೆಕಟ್ಟಿನ ಉಸ್ತುವಾರಿ ಹೊತ್ತವರಿಗೆ ತಿಳಿಸಬೇಕಾದುದು ಇದಕ್ಕಾಗಿ.

ಒಳನಾಡಿನ ನೌಕೆಗಳ ನೋಂದಣಿ, ತಪಾಸಣೆ, ಮಾಲಿನ್ಯ ತಡೆ ಮೊದಲಾದವು 1917ರ ಕಾಯಿದೆಯ ಜಾಗದಲ್ಲಿ ಬಂದ ಒಳನಾಡು ನೌಕೆಗಳ ಕಾಯಿದೆ, 2021ರ ವ್ಯಾಪ್ತಿಯಲ್ಲಿವೆ. ಮುಳುಗಿದ ನೌಕೆಯ ಅವಶೇಷ ಮತ್ತು ಅದರ ರಕ್ಷಣೆಯ ಕುರಿತು ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಸಾವು ಸಂಭವಿಸಿದ್ದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ವಿಧಿಯಂತೆ ಅಸಹಜ ಸಾವಿನ ವಿಚಾರಣೆ ನಡೆಸುತ್ತಾರೆ. ಆಗ ಮೇಲೆತ್ತಿದ ವಾಹನವೂ ಸಾಕ್ಷ್ಯವಾಗುವುದರಿಂದ ಬಸಿಯುವ ಬಿರಡೆ, ಎಂಜಿನ್ನಿನ ದಾರ, ಒಡಲಿನ ಸೀಳು ಇವುಗಳ ಸ್ಥಿತಿಯನ್ನು ಸ್ಥಳದಲ್ಲೇ ಚಿತ್ರ ತೆಗೆದು ದಾಖಲಿಸಿದ ಮೇಲೆಯೇ ದುರಸ್ತಿಗೆ ಕೈಹಾಕಬೇಕು.